ಬೋಟು ದಡಕ್ಕೆ ಬಂತು, ಇನ್ನು ಬಸ್ಸು ಗೊತ್ತು ಮಾಡುವುದು ಹೇಗೆ?

ಉಡುಪಿ ಜಿಲ್ಲೆಯ ಗಂಗೊಳ್ಳಿಯಂಥ ಬಂದರು ಊರಿನಲ್ಲಿ ಎಲ್ಲರಿಗೂ ಒಟ್ಟಿಗೆ ಬಿಡುವು ಸಿಗುವುದು ಮಳೆಗಾಲದಲ್ಲಿ ಮಾತ್ರ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಲೆ ದುರಸ್ತಿ ಒಂದು ಹದಕ್ಕೆ ಬರುತ್ತಿದ್ದಂತೆ ಸಂಘದ ಹೆಂಗಸರು, ಬೋಟಿನಲ್ಲಿ ದುಡಿಯುವ ಕಲಾಸಿಗಳು, ಕೇರಿಯ ಯುವಕ ಮಂಡಲದವರು ಎಲ್ಲರ ಬಾಯಲ್ಲೂ ಒಂದೇ ಮಾತು: ‘ಧರ್ಮಸ್ಥಳಕ್ಕೊಂದು ಹೋಗಿ ಬರುವ’.

ಆಷಾಢದಲ್ಲಿ ಮದುವೆಗಳಿಲ್ಲ. ಏಪ್ರಿಲ್, ಮೇ ಪೂರ್ತಿ ದಿಬ್ಬಣಕ್ಕೆ ಓಡಿದ ಬಸ್ಸುಗಳು ಈಗ ಶೆಡ್ಡಿನಲ್ಲಿ ನಿಂತಿರುತ್ತವೆ, ಹಾಗಾಗಿ ಬಾಡಿಗೆಯಲ್ಲಿ ಚೌಕಾಶಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಘಾಟಿಗಳಲ್ಲಿ ಗುಡ್ಡ ಜರಿಯುವುದೂ ಈ ಎರಡು ತಿಂಗಳಲ್ಲೇ. ಆದ್ದರಿಂದ ನಮ್ಮ ಕಡೆಯವರು ಮೊದಲು ದಾರಿ ಗಟ್ಟಿ ಮಾಡಿಕೊಳ್ಳಬೇಕು, ಆಮೇಲೆ ಬಸ್ಸು. ಹೆಚ್ಚಿನವರು ಮಾಡುವುದು ಉಲ್ಟಾ.

ತಲೆ ಲೆಕ್ಕ

‘ಸುಮಾರು ನಲವತ್ತು ಜನ’ ಎಂಬ ಲೆಕ್ಕ ಹಿಡಿದು ಬಸ್ಸಿನ ಮಾಲೀಕರ ಹತ್ತಿರ ಹೋಗಬೇಡಿ. ಹೆಸರು, ವಯಸ್ಸು ಬರೆದು ಪಟ್ಟಿ ಮಾಡಿ. ಹೇಗೂ ಮುಂದೆ ಆ ಪಟ್ಟಿ ಬೇಕೇ ಬೇಕು. ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳುತ್ತೇವೆ ಎನ್ನುವ ಮಾತು ಊರಿನ ಗಡಿ ದಾಟುವವರೆಗೆ ಮಾತ್ರ ನಡೆಯುತ್ತದೆ. ಐದು ವರ್ಷದ ಹುಡುಗನನ್ನು ಘಾಟಿಯ ತಿರುವಿನಲ್ಲಿ ಮೂರು ತಾಸು ಮಡಿಲಲ್ಲಿ ಹಿಡಿದವರಿಗೇ ಗೊತ್ತು ಆ ಕಷ್ಟ. ಮಗುವಿಗೂ ಒಂದು ಸೀಟು ಹಿಡಿಯಿರಿ. ಹದಿನೈದರೊಳಗೆ ಜನ ಇದ್ದರೆ ಟೆಂಪೊ ಟ್ರಾವೆಲರ್ ಸಾಕು, ಮೂವತ್ತರ ಆಸುಪಾಸಾದರೆ ಮಿನಿ ಬಸ್ಸು, ಅದಕ್ಕೂ ಹೆಚ್ಚಾದರೆ ದೊಡ್ಡ ಬಸ್ಸು. ನಲವತ್ತು ಜನರಿಗೆ ಒಂದು ದೊಡ್ಡ ಬಸ್ಸಿನ ಬದಲು ಎರಡು ಚಿಕ್ಕ ಗಾಡಿ ಹಿಡಿಯುವುದೂ ಕೆಲವೊಮ್ಮೆ ಜಾಣತನ. ಏಕೆಂದರೆ ದಾರಿ.

ದಾರಿ

ಕೊಲ್ಲೂರಿಗೆ ಮಾತ್ರವಾದರೆ ತಲೆಬಿಸಿ ಇಲ್ಲ. ಹೆಮ್ಮಾಡಿಯಲ್ಲಿ ತಿರುಗಿ ವಂಡ್ಸೆ, ಜಡ್ಕಲ್ ದಾಟಿದರೆ ಮುಗಿಯಿತು. ಜತೆಗೆ ಕೊಡಚಾದ್ರಿಯನ್ನೂ ಸೇರಿಸಿದರೆ ಬಸ್ಸು ಕೆಳಗೇ ನಿಲ್ಲಬೇಕು, ಮೇಲೆ ಹೋಗುವುದು ಜೀಪು ಮಾತ್ರ. ಆ ಖರ್ಚು ಬೇರೆ, ಮೊದಲೇ ಎಣಿಸಿಕೊಳ್ಳಿ.

ಶೃಂಗೇರಿ ಪಟ್ಟಿಯಲ್ಲಿ ಬಂತು ಎಂದರೆ ಮಾತು ಬದಲಾಗುತ್ತದೆ. ಆಗುಂಬೆ ಘಾಟಿಯ 14 ತಿರುವುಗಳು ಉದ್ದ ಬಸ್ಸಿಗೆ ಹೇಳಿದ್ದಲ್ಲ. ಅಲ್ಲಿ ಓಡಾಡುವುದು ಗಿಡ್ಡ ಬಸ್ಸುಗಳು. ದೊಡ್ಡ ಬಸ್ಸೇ ಬೇಕೆಂದರೆ ಕಾರ್ಕಳ, ಬಜಗೋಳಿ, ಮಾಳ, ಕೆರೆಕಟ್ಟೆ ಮಾರ್ಗವಾಗಿ ಸುತ್ತಬೇಕು, ಕಿಲೋಮೀಟರು ಏರುತ್ತದೆ. ಮಳೆ ಜೋರಾದ ವರ್ಷಗಳಲ್ಲಿ ಆಗುಂಬೆ, ಬಾಳೆಬರೆ, ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಭಾರಿ ವಾಹನ ನಿರ್ಬಂಧಿಸಿ ಜಿಲ್ಲಾಧಿಕಾರಿಗಳ ಆದೇಶ ಹೊರಡುತ್ತದೆ. ಹೊರಡುವ ಮುನ್ನಾ ದಿನ ಅದನ್ನು ನೋಡಿಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ಬರುವ ಘಾಟಿ ವಿಡಿಯೊಗಳನ್ನು ನಂಬಬೇಡಿ; ಮೂರು ವರ್ಷದ ಹಿಂದೆ ಬಿದ್ದ ಮರ ಪ್ರತಿ ಜುಲೈಯಲ್ಲೂ ಹೊಸದಾಗಿ ಬೀಳುತ್ತದೆ.

ಬಸ್ಸು ನಿಲ್ಲುವುದೆಲ್ಲಿ?

ಬಂದರು ಊರಿನವರು ಮರೆಯುವ ಪ್ರಶ್ನೆ ಇದು. ನಮ್ಮ ಸಂಘದ ಮೊದಲ ಪ್ರವಾಸಕ್ಕೆ ದೊಡ್ಡ ಬಸ್ಸು ಹೇಳಿದ್ದೆವು. ಬಸ್ಸು ಬಂದರಿನ ಹತ್ತಿರವೇ ಬರಬೇಕು, ಅಜ್ಜಿಯಂದಿರು ಮಳೆಯಲ್ಲಿ ನಡೆಯುವುದು ಬೇಡ ಎಂದು ಹಟ ಹಿಡಿದವಳು ನಾನೇ. ಬೆಳಗಿನ ಜಾವ ನಾಲ್ಕೂವರೆಗೆ ಬಸ್ಸು ಕೇರಿಯೊಳಗೆ ನುಗ್ಗಿತು. ಒಂದು ಬದಿಯಲ್ಲಿ ಟರ್ಪಾಲು ಹೊದೆಸಿಟ್ಟ ಬಲೆಯ ರಾಶಿ, ಇನ್ನೊಂದು ಬದಿಯಲ್ಲಿ ಯಾರದ್ದೋ ಕಂಪೌಂಡು, ಮೇಲೆ ಜೋತುಬಿದ್ದ ಕೇಬಲ್ ತಂತಿ. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, ‘ಹ್ವಾಯ್, ಇದ್ ತಿರ್ಗತಿಲ್ಲೆ ಮಾರ್ರೆ’ ಎಂದರು. ಕ್ಲೀನರ್ ಹುಡುಗ ಬಿದಿರಿನ ಗಳದಿಂದ ತಂತಿ ಎತ್ತಿ ಹಿಡಿದು, ನಮ್ಮ ಗಂಡಸರು ಬಲೆ ಸರಿಸಿ, ಬಸ್ಸು ಹಿಂದಕ್ಕೆ ಹೊರಬರುವಷ್ಟರಲ್ಲಿ ಒಂದು ತಾಸು ಹೋಗಿತ್ತು. ಬಸ್ಸಿನ ಬದಿ ಗೀಚಿದ್ದಕ್ಕೆ ಕೊನೆಗೆ ನಮ್ಮ ಹತ್ತಿರವೇ ದುಡ್ಡು ವಸೂಲಿ ಮಾಡಿದರು.

ಹಿಂದಿನ ದಿನವೇ ಒಬ್ಬರು ಹೋಗಿ ಬಸ್ಸು ತಿರುಗುವ ಜಾಗ ನೋಡಿ ಬರಬೇಕು. ನಾವು ಈಗ ಎಲ್ಲರೂ ಮುಖ್ಯರಸ್ತೆಗೇ ಬನ್ನಿ ಎನ್ನುತ್ತೇವೆ, ಅಜ್ಜಿಯಂದಿರಿಗೆ ರಿಕ್ಷಾ ಮಾಡುತ್ತೇವೆ. ಮೀನುಗಾರಿಕೆ ನಡೆಯುವ ತಿಂಗಳುಗಳಲ್ಲಿ ಹೊರಡುವುದಾದರೆ ಇನ್ನೂ ಒಂದು ಎಚ್ಚರ: ಮಂಜುಗಡ್ಡೆಯ ಲಾರಿ, ಮೀನಿನ ಗಾಡಿ ಸಾಲುಗಟ್ಟುವ ಹೊತ್ತು ಬಿಟ್ಟು ಬಸ್ಸು ಕರೆಯಿಸಿ.

ಬಾಡಿಗೆಯ ಲೆಕ್ಕ

ಕಿಲೋಮೀಟರಿಗೆ ಇಷ್ಟು ಎಂಬ ದರ ಕೇಳಿದ ಕೂಡಲೇ ಖುಷಿಪಡಬೇಡಿ. ಅದರ ಹಿಂದೆ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರು ಎಂಬ ಕರಾರು ಇರುತ್ತದೆ. ಲೆಕ್ಕ ತಿಳಿಯಲಿಕ್ಕೆ ಒಂದು ಉದಾಹರಣೆ: ದರ 50 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿ.ಮೀ. ಎಂದಿಟ್ಟುಕೊಳ್ಳಿ. ಎರಡು ದಿನದ ಪ್ರವಾಸದಲ್ಲಿ ನೀವು ಓಡಿದ್ದು 420 ಕಿ.ಮೀ. ಮಾತ್ರವಾದರೂ ಕೊಡಬೇಕಾದದ್ದು 600 ಕಿ.ಮೀ.ಗೆ, ಅಂದರೆ 30,000 ರೂಪಾಯಿ. ಬಾಡಿಗೆ 21,000 ಎಂದು ಮನಸ್ಸಿನಲ್ಲೇ ಗುಣಿಸಿಕೊಂಡು ತಲೆಗಿಷ್ಟು ಎಂದು ಹಣ ಎತ್ತಿದವರು ಕೊನೆಗೆ ಕೈಯಿಂದ ಹಾಕಬೇಕಾಗುತ್ತದೆ.

‘ದಿನ’ ಎಂದರೆ ಏನು ಎಂಬುದನ್ನೂ ಕೇಳಿ. ಕೆಲವರಿಗೆ ಅದು ಹೊರಟ ಹೊತ್ತಿನಿಂದ 24 ತಾಸು, ಕೆಲವರಿಗೆ ಮಧ್ಯರಾತ್ರಿಯಿಂದ ಮಧ್ಯರಾತ್ರಿ. ಎರಡನೆಯ ಲೆಕ್ಕದಲ್ಲಿ ರಾತ್ರಿ ಹತ್ತಕ್ಕೆ ಹೊರಟರೆ ಆ ಎರಡು ತಾಸಿಗೇ ಒಂದು ದಿನದ ಬಾಡಿಗೆ. ಮೀಟರು ಶುರುವಾಗುವುದೂ ನಿಮ್ಮ ಊರಿನಿಂದಲ್ಲ, ಅವರ ಶೆಡ್ಡಿನಿಂದ, ಮುಗಿಯುವುದೂ ಅಲ್ಲೇ. ಗಂಗೊಳ್ಳಿಗೆ ಎದುರೇ ಕಾಣುವ ಕುಂದಾಪುರ ನಡುವೆ ಹೊಳೆಯಿರುವ ಕಾರಣ ರಸ್ತೆಯಲ್ಲಿ ದೂರ. ಅಲ್ಲಿನ ಶೆಡ್ಡಿನ ಬಸ್ಸು ಹೆದ್ದಾರಿ ಸುತ್ತಿ ನಮ್ಮಲ್ಲಿಗೆ ಬಂದು ಮತ್ತೆ ಅದೇ ದಾರಿಯಲ್ಲಿ ತೆಂಕಕ್ಕೆ ಹೋಗುತ್ತದೆ, ಬರುವಾಗಲೂ ಹಾಗೇ. ಎರಡೂ ಸುತ್ತು ನಮ್ಮ ಲೆಕ್ಕಕ್ಕೇ.

ಟೋಲು (ಉಡುಪಿ ಕಡೆಗೆ ಹೋದರೆ ಸಾಸ್ತಾನದಲ್ಲೇ ಶುರು), ಪಾರ್ಕಿಂಗು, ಡ್ರೈವರ್ ಬಾಟಾ (ದಿನದ ಭತ್ಯೆ), ಹೊರರಾಜ್ಯವಾದರೆ ಪರ್ಮಿಟ್ಟಿನ ಖರ್ಚು, ಜಿಎಸ್‌ಟಿ, ಇವು ಬಾಡಿಗೆಯಲ್ಲಿ ಸೇರಿವೆಯೋ ಇಲ್ಲವೋ ಕೇಳಿ ಬರೆಸಿಕೊಳ್ಳಿ. ಎ.ಸಿ. ಬಸ್ಸಾದರೆ ನಿಂತಾಗಲೂ ಎ.ಸಿ. ಹಾಕುತ್ತಾರೋ ಎಂದೂ ಕೇಳಿ. ನಡುದಾರಿಯಲ್ಲಿ ಬಸ್ಸು ಕೆಟ್ಟರೆ ಬದಲಿ ಬಸ್ಸು ಯಾರ ಖರ್ಚಿನಲ್ಲಿ? ಈ ಒಂದು ಸಾಲು ಕಾಗದದಲ್ಲಿ ಇರಲೇಬೇಕು. ದೊಡ್ಡ ಕರಾರುಪತ್ರ ಬೇಕಿಲ್ಲ. ಅಡ್ವಾನ್ಸ್ ಕೊಟ್ಟ ರಸೀದಿಯ ಹಿಂದೆ ಬರೆದು ಸಹಿ ಹಾಕಿಸಿದರೂ ಸಾಕು. ಮೂರು ಕಡೆ ದರ ಕೇಳಿ, ಕೆಎಸ್‌ಆರ್‌ಟಿಸಿ ಡಿಪೊದಲ್ಲೂ ವಿಚಾರಿಸಿ. ಅವರೂ ಸಾಂದರ್ಭಿಕ ಒಪ್ಪಂದದ ಮೇಲೆ ಬಸ್ಸು ಕೊಡುತ್ತಾರೆ. ತೀರಾ ಕಡಿಮೆ ದರ ಹೇಳಿದವರ ಬಸ್ಸಿನ ಟಯರು ನೋಡಿ ಬನ್ನಿ.

ಕಾಗದ ಪತ್ರ

ನಂಬರ್ ಪ್ಲೇಟು ಹಳದಿ ಇರಬೇಕು. ಪರಿಚಯದವರ ಬಿಳಿ ಬೋರ್ಡಿನ ವ್ಯಾನು ಸೋವಿಯಾಗಿ ಸಿಗಬಹುದು, ಆದರೆ ಅದನ್ನು ಬಾಡಿಗೆಗೆ ಓಡಿಸುವಂತಿಲ್ಲ. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಲು ಅದೊಂದೇ ಸಾಕು. ನಮ್ಮ ಕಡೆ ಲೈನ್ ಬಸ್ಸುಗಳನ್ನೇ ದಿಬ್ಬಣಕ್ಕೆ, ಪ್ರವಾಸಕ್ಕೆ ಹೇಳುವ ರೂಢಿ ಇದೆ; ತಪ್ಪೇನಿಲ್ಲ, ಆದರೆ ಲೈನ್ ಪರ್ಮಿಟ್ಟು ಅವು ದಿನವೂ ಓಡುವ ಮಾರ್ಗಕ್ಕೆ ಮಾತ್ರ. ಬೇರೆ ಕಡೆ ಹೋಗಲು ಮಾಲೀಕರು ಆರ್‌ಟಿಒದಿಂದ ವಿಶೇಷ ಪರ್ಮಿಟ್ಟು ಮಾಡಿಸಬೇಕು. ಮಾಡಿಸಿದ್ದಾರೋ ಕೇಳಿ.

ಬಸ್ಸಿನ ನಂಬರನ್ನು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ವಿಮೆ, ಎಫ್‌ಸಿ (ಬಸ್ಸು ಓಡಲು ಯೋಗ್ಯ ಎಂಬ ಫಿಟ್‌ನೆಸ್ ಪ್ರಮಾಣಪತ್ರ) ಎಲ್ಲಿಯವರೆಗಿದೆ ಎಂದು ಕಾಣುತ್ತದೆ. ಎಂಟು ವರ್ಷ ದಾಟಿದ ಬಸ್ಸಿಗೆ ಎಫ್‌ಸಿ ಪ್ರತಿ ವರ್ಷವೂ ಆಗಬೇಕು. ಪ್ರಯಾಣಿಕರ ಪಟ್ಟಿಯ ಒಂದು ಪ್ರತಿ ಡ್ರೈವರ್ ಹತ್ತಿರ, ಒಂದು ನಿಮ್ಮಲ್ಲಿ, ಇನ್ನೊಂದು ಊರಿನಲ್ಲಿ ಉಳಿದ ಯಾರ ಬಳಿಯಾದರೂ ಇರಲಿ. ಕಾಗದಕ್ಕಿಂತ ಮೊದಲು ನಾನು ನೋಡುವುದು ತುರ್ತು ಬಾಗಿಲು. ತೆರೆಯುತ್ತದೋ, ಅದರ ಮುಂದೆ ಹೆಚ್ಚುವರಿ ಸೀಟು ಕೂರಿಸಿದ್ದಾರೋ? ಮಳೆಗಾಲವಾದ್ದರಿಂದ ವೈಪರ್ ಹಾಕಿಸಿ ನೋಡಿ, ಬಸ್ಸಿನ ಛಾವಣಿ ಸೋರುತ್ತದೋ ವಿಚಾರಿಸಿ. ಕಿಟಕಿ ಬದಿಯ ಸೀಟಿಗೆ ಜಗಳವಾಡಿ ಕೂತವರೇ ಆಮೇಲೆ ಕೊಡೆ ಬಿಡಿಸಿ ಕೂತದ್ದನ್ನು ಕಂಡಿದ್ದೇನೆ.

ಡ್ರೈವರ್ ನಿದ್ದೆ ಮಾಡಿದ್ದಾರೋ?

2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆಯಲ್ಲಿ ಡ್ರೈವರ್‌ಗೆ ದಿನಕ್ಕೆ ಸಾಮಾನ್ಯವಾಗಿ ಎಂಟು ತಾಸು ಕೆಲಸ, ಐದು ತಾಸಿಗೆ ಮುಂಚೆ ಕನಿಷ್ಠ ಅರ್ಧ ತಾಸು ವಿಶ್ರಾಂತಿ ಎಂದಿತ್ತು. ಎರಡನೇ ಪ್ರವಾಸದಲ್ಲಿ ಉಜಿರೆ ಹತ್ತಿರ ಡ್ರೈವರ್ ಮೂರು ಸಲ ಆಕಳಿಸಿದ್ದು ಕಂಡು, ‘ಅಣ್ಣಾ, ನಿನ್ನೆ ಎಲ್ಲಿದ್ದಿರಿ?’ ಎಂದು ಕೇಳಿದೆ. ಹಿಂದಿನ ರಾತ್ರಿ ಬೆಂಗಳೂರಿನಿಂದ ಬಸ್ಸು ತಂದು, ತೊಳೆದು, ನೇರ ನಮ್ಮಲ್ಲಿಗೆ ಬಂದಿದ್ದರಂತೆ. ಬಸ್ಸು ಬದಿಗೆ ನಿಲ್ಲಿಸಿ ಎರಡು ತಾಸು ಮಲಗಿ ಎಂದೆವು. ಗೊಣಗಿದವರೂ ಇದ್ದರು, ಮಧ್ಯಾಹ್ನದ ದರ್ಶನ ತಪ್ಪಿತು. ಅಂದಿನಿಂದ ಬುಕ್ ಮಾಡುವಾಗಲೇ ಡ್ರೈವರ್ ಯಾರು, ಹಿಂದಿನ ದಿನ ಅವರಿಗೆ ರಜೆ ಇದೆಯೋ ಎಂದು ಕೇಳುತ್ತೇನೆ. ರಾತ್ರಿ ಓಡುವುದಿದ್ದರೆ ಇಬ್ಬರು ಡ್ರೈವರ್ ಬೇಕೇ ಬೇಕು.

ಉಳಿದುಕೊಳ್ಳುವ ಕಡೆ ಅವರಿಗೂ ಕ್ಲೀನರ್‌ಗೂ ಒಂದು ಚಾಪೆ, ಫ್ಯಾನು ಇರುವ ಜಾಗ ಮಾಡಿಕೊಡಿ. ಸೊಳ್ಳೆ ಕಚ್ಚಿಸಿಕೊಂಡು ಬಸ್ಸಿನೊಳಗೆ ಮಲಗಿದವರ ಕೈಯಲ್ಲಿ ಮರುದಿನ ಘಾಟಿ ಇಳಿಸುವುದು ಬೇಡ. ಊಟಕ್ಕೆ ನಿಮ್ಮ ಪಂಕ್ತಿಯಲ್ಲೇ ಕರೆಯಿರಿ.

ಹೊರಡುವ ದಿನ

ಬಸ್ಸು ಬಂದ ಕೂಡಲೇ ಮೀಟರಿನ ಫೋಟೊ ತೆಗೆದು ಮಾಲೀಕರಿಗೆ ಕಳುಹಿಸಿ, ಶೆಡ್ಡಿನಲ್ಲಿ ಎಷ್ಟಿತ್ತು ಎಂದೂ ತರಿಸಿಕೊಳ್ಳಿ. ವಾಂತಿ ಬರುವವರನ್ನು ಮುಂದೆ ಕೂರಿಸಿ, ಒಂದು ಕಟ್ಟು ಪ್ಲಾಸ್ಟಿಕ್ ಕವರು, ನಿಂಬೆಹುಳಿ ಕೈಗೆ ಸಿಗುವಂತಿರಲಿ. ಪ್ರತಿ ಸಲ ಹತ್ತಿದ ಮೇಲೂ ಪಟ್ಟಿ ಹಿಡಿದು ಹೆಸರು ಕೂಗಿ.

ಇನ್ನು ಒಣಮೀನು. ಘಟ್ಟದ ಮೇಲಿನ ನೆಂಟರಿಗೆಂದು ಯಾರಾದರೊಬ್ಬರು ಕಟ್ಟು ತಂದೇ ತರುತ್ತಾರೆ. ದೇವಸ್ಥಾನಕ್ಕೆ ಹೋಗುವ ಬಸ್ಸು ಎಂದರೂ ಬ್ಯಾಗಿನ ತಳದಲ್ಲಿ ಅದು ಇರುತ್ತದೆ. ಮಳೆಯ ತೇವಕ್ಕೆ ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಅದರ ವಾಸನೆ ಸೀಟಿಗೆ ಹಿಡಿದರೆ ಮಾಲೀಕರು ಬಸ್ಸು ತೊಳೆಸಿದ ದುಡ್ಡು ಕೇಳುತ್ತಾರೆ, ಮುಂದಿನ ಆಷಾಢಕ್ಕೆ ಬಸ್ಸು ಖಾಲಿ ಇಲ್ಲ ಎನ್ನುತ್ತಾರೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿಸಿ, ಕೆಳಗಿನ ಡಿಕ್ಕಿಯಲ್ಲೇ ಇಡಿಸಿ. ಯಾರದ್ದು ಎಂದು ಮಾತ್ರ ಕೇಳಬೇಡಿ, ಯಾರೂ ಒಪ್ಪುವುದಿಲ್ಲ.