ಪ್ರೀಕಾಸ್ಟ್ ಪ್ಯಾನೆಲಿಗೊಂದು ಜಾತಕ: ಪೂರೈಕೆಯ ಕೊಂಡಿಗಳನ್ನು ಬ್ಲಾಕ್‌ಚೈನ್‌ನಲ್ಲಿ ಬೆಸೆಯುವ ಬಗೆ

ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆಯಲ್ಲಿ ಮೊದಲೇ ಎರಕ ಹೊಯ್ದ (ಪ್ರೀಕಾಸ್ಟ್) ಕಾಂಕ್ರೀಟ್ ಗೋಡೆಯ ಪ್ಯಾನೆಲೊಂದು ರಾಷ್ಟ್ರೀಯ ಹೆದ್ದಾರಿ 66ರ ಮೂಲಕ ಮಣಿಪಾಲದ ನಿವೇಶನಕ್ಕೆ ಬಂತೆನ್ನೋಣ. ಇಳಿಸಿದ ಮೇಲೆ ನೋಡಿದರೆ ಒಂದು ಮೂಲೆಯಲ್ಲಿ ಅಂಗೈಯಗಲ ಕಾಂಕ್ರೀಟ್ ಕಿತ್ತುಹೋಗಿದೆ. ಕಾರ್ಖಾನೆಯವರು ಲಾರಿಯವರತ್ತ, ಲಾರಿಯವರು ಕ್ರೇನಿನವರತ್ತ ಬೊಟ್ಟು ಮಾಡುತ್ತಾರೆ. ಮೂವರ ಪುಸ್ತಕಗಳಲ್ಲೂ ಮೂರು ಬಗೆಯ ಬರಹ. ಎಲ್ಲರ ಬಳಿಯೂ ಒಂದೇ ಪ್ರತಿಯಿರುವ, ಯಾರೊಬ್ಬರೂ ಗುಟ್ಟಾಗಿ ತಿದ್ದಲಾಗದ ದಾಖಲೆಯನ್ನು ಬ್ಲಾಕ್‌ಚೈನ್ ಒದಗಿಸುತ್ತದೆ.

ತಂತ್ರಾಂಶಕ್ಕೆ ಕೈಹಾಕುವ ಮೊದಲು ಎರಕ, ಪರೀಕ್ಷೆ, ಸಾಗಣೆ, ಜೋಡಣೆ ಎಂಬ ಹಂತಗಳಲ್ಲಿ ಯಾರು ಏನನ್ನು ನಮೂದಿಸಬೇಕೆಂಬುದನ್ನು ಕಾಗದದ ಮೇಲೆ ಬರೆದು, ಎಲ್ಲರೂ ಒಪ್ಪಿಕೊಳ್ಳಬೇಕು. ಮೆಟ್ಟಿಲಿನಂತಹ ಒಂದೇ ಬಗೆಯ ಭಾಗದಿಂದ ಆರಂಭಿಸುವುದು ಕ್ಷೇಮ.

ಯಾರು ಬೇಕಾದರೂ ಸೇರಬಹುದಾದ ಸಾರ್ವಜನಿಕ ಜಾಲ ಇಲ್ಲಿ ಬೇಡ. ಲಿನಕ್ಸ್ ಫೌಂಡೇಶನ್ 2015ರಲ್ಲಿ ಪ್ರಕಟಿಸಿದ ಹೈಪರ್‌ಲೆಡ್ಜರ್ ಯೋಜನೆಯಡಿ ಬೆಳೆದ ಫ್ಯಾಬ್ರಿಕ್ ಎಂಬ ಬ್ಲಾಕ್‌ಚೈನ್ ತಂತ್ರಾಂಶದ ಜಾಲದಲ್ಲಿ ಅನುಮತಿ ಪಡೆದವರಷ್ಟೇ ಇರುತ್ತಾರೆ. ಬೆಲೆಯ ವಿವರಗಳನ್ನು ಸಂಬಂಧಪಟ್ಟವರ ಪ್ರತ್ಯೇಕ ಚಾನೆಲ್‌ನಲ್ಲಿ ಇಡಬಹುದು. ನಕ್ಷೆ, ಛಾಯಾಚಿತ್ರಗಳು ಹೊರಗಿನ ಸಂಗ್ರಹದಲ್ಲಿರಲಿ, ಅವುಗಳ ಹ್ಯಾಶ್ (ಕಡತ ಬದಲಾದರೆ ತಾನೂ ಬದಲಾಗುವ, ಬೆರಳಚ್ಚಿನಂತಹ ಸಂಕೇತ) ಮಾತ್ರ ಸರಪಳಿಗೆ ಸೇರಲಿ.

ನಿಜವಾದ ಕಷ್ಟ ಇರುವುದು ನಮೂದಿನ ಸತ್ಯದಲ್ಲಿ. ಸುಳ್ಳು ಬರೆದರೆ ಬ್ಲಾಕ್‌ಚೈನ್ ಆ ಸುಳ್ಳನ್ನೇ ಭದ್ರವಾಗಿ ಕಾಪಾಡುತ್ತದೆ. ಕಾಂಕ್ರೀಟ್ ಕಾಮಗಾರಿಯ ಭಾರತೀಯ ಮಾನಕವಾದ ಐಎಸ್ 456ರ 2000ದ ಆವೃತ್ತಿಯು ಕರಾವಳಿಯ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟನ್ನು ತೀವ್ರ ವರ್ಗಕ್ಕೆ ಸೇರಿಸಿ, ಉಕ್ಕಿನ ಸರಳುಗಳ ಮೇಲೆ 45 ಮಿ.ಮೀ. ಕಾಂಕ್ರೀಟ್ ಹೊದಿಕೆಯನ್ನೂ ಕನಿಷ್ಠ ಎಂ30 ಬಲದ ದರ್ಜೆಯನ್ನೂ ಕೇಳುತ್ತದೆ. ಎರಕವಾದ ಬಳಿಕ ಆ ಹೊದಿಕೆ ಕಣ್ಣಿಗೆ ಬೀಳದು. ಆದ್ದರಿಂದ ಅಚ್ಚಿನಲ್ಲಿ ಸರಳು ಕಟ್ಟಿ, ಹೊದಿಕೆಯ ಅಂತರ ಕಾಯುವ ಕವರ್ ಬ್ಲಾಕ್ ಇಟ್ಟು, ಅಳತೆಪಟ್ಟಿ ಹಿಡಿದು ತೆಗೆದ ಚಿತ್ರ ದಾಖಲಾಗದಿದ್ದರೆ ಎರಕದ ನಮೂದನ್ನೇ ಸ್ವೀಕರಿಸದಂತೆ ಸ್ಮಾರ್ಟ್ ಕಾಂಟ್ರಾಕ್ಟ್ (ಸರಪಳಿಯಲ್ಲಿ ತಾನಾಗಿ ನಡೆಯುವ ನಿಯಮಗಳ ಪ್ರೋಗ್ರಾಂ) ಬರೆಸಿ. ಕಾಂಕ್ರೀಟಿನ ಬಲ ಅಳೆಯುವ 28ನೇ ದಿನದ ಕ್ಯೂಬ್ ಪರೀಕ್ಷೆಯ ಫಲಿತಾಂಶಕ್ಕೆ ಮುನ್ನವೇ ಪ್ಯಾನೆಲ್ ಹೊರಡುವುದಾದರೆ, ಅದರ ಸ್ಥಿತಿ ‘ಷರತ್ತಿನ ಒಪ್ಪಿಗೆ’ ಎಂದೇ ಕಾಣಬೇಕು.

ಪ್ಯಾನೆಲಿನ ಗುರುತಿನ ವಿಷಯದಲ್ಲಿ ನಮ್ಮ ಮಳೆಯನ್ನು ಮರೆಯಬಾರದು. ಕಾಗದದ ಕ್ಯೂಆರ್ ಚೀಟಿ ಆಟಿಯ ಮಳೆಗೆ ನಿಲ್ಲದು. ರೇಡಿಯೊ ಅಲೆಗಳಿಂದ ಓದಬಹುದಾದ ಆರ್‌ಎಫ್‌ಐಡಿ ಟ್ಯಾಗನ್ನು ಎರಕದ ಹೊತ್ತಿಗೇ ಹುದುಗಿಸಿ, ಆದರೆ ಸರಳಿನಿಂದ ದೂರವಿಡಿ. ಉಕ್ಕು ಹತ್ತಿರವಿದ್ದರೆ ಓದುವಿಕೆ ಕೆಡುತ್ತದೆ.

ಕೊನೆಯದಾಗಿ ಹಸ್ತಾಂತರ. ಸಾಗಣೆದಾರ ಮತ್ತು ಸೈಟ್ ಎಂಜಿನಿಯರ್ ಇಬ್ಬರ ಡಿಜಿಟಲ್ ಸಹಿಯಿಲ್ಲದೆ ಅದು ಸಿಂಧುವಾಗಬಾರದು. ಪ್ಯಾನೆಲ್ ಲಾರಿಯ ಮೇಲಿರುವಾಗಲೇ, ಕ್ರೇನಿನ ಕೊಕ್ಕೆ ಸಿಕ್ಕಿಸುವ ಮೊದಲು, ನಾಲ್ಕೂ ಮೂಲೆಗಳ ಚಿತ್ರ ತೆಗೆದು ಆ ಸಹಿಗಳನ್ನು ಹಾಕಿಸಿ. ಇಳಿಸಿದ ಬಳಿಕ ಕ್ರೇನಿನವರೊಂದಿಗೆ ಮತ್ತೊಮ್ಮೆ ಹಾಗೆಯೇ ಮಾಡಿಸಿ.