ಕಥೆ ಕೇಳುವ ಮಿದುಳು, ಪಕ್ಕದಲ್ಲಿ ಜಿಪಿಟಿ-2

ಮಾತು ಕೇಳುವಾಗ ಮಿದುಳಿನ ಯಾವ ಭಾಗ ಅರ್ಥಕ್ಕೆ ಸ್ಪಂದಿಸುತ್ತದೆ, ಯಾವುದು ಬರೀ ಸದ್ದಿಗೆ ಎಂದು ಬೇರ್ಪಡಿಸಲು ನಾನು ಜಿಪಿಟಿ-2ರಂಥ ಭಾಷಾ ಮಾದರಿಗಳನ್ನು (ಮುಂದಿನ ಪದ ಊಹಿಸಲು ಕಲಿತ ಪ್ರೋಗ್ರಾಂಗಳನ್ನು) ಬಳಸುತ್ತೇನೆ. ಅವು ಪದಗಳಿಗೆ ಕೊಡುವ ಸಂಖ್ಯೆಗಳಿಂದ ಮಿದುಳಿನ ಸಂಕೇತವನ್ನು ಊಹಿಸಿ, ಎಲ್ಲಿ ಎಷ್ಟು ಹೊಂದುತ್ತದೆ ಎಂದು ನೋಡುತ್ತೇನೆ. ಸ್ವಂತ ಸ್ಕ್ಯಾನರ್ ಬೇಕಿಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ ಅಲೆಕ್ಸಾಂಡರ್ ಹತ್ ಅವರ ತಂಡ ಕಥೆ ಕೇಳಿದ ಎಂಟು ಜನರ ಎಫ್‌ಎಂಆರ್‌ಐ (ಮಿದುಳಿನ ರಕ್ತದಲ್ಲಾಗುವ ಬದಲಾವಣೆ ಅಳೆಯುವ ಸ್ಕ್ಯಾನ್) ದತ್ತಾಂಶವನ್ನು ಓಪನ್‌ನ್ಯೂರೋ ಎಂಬ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ: 27 ಇಂಗ್ಲಿಷ್ ಕಥೆಗಳು, 2 ಸೆಕೆಂಡಿಗೊಂದು ಚಿತ್ರ. ಪ್ರತಿ ಪದ ಯಾವಾಗ ಶುರುವಾಗಿ ಯಾವಾಗ ಮುಗಿಯಿತು ಎಂಬ ಗುರುತೂ ಜೊತೆಗಿದೆ. ಅತಿ ಬೇಸರದ ಕೆಲಸ ಅಲ್ಲಿಗೆ ತಪ್ಪುತ್ತದೆ.

ಮಾದರಿಗೆ ಜಿಪಿಟಿ-2ರ ಚಿಕ್ಕ ಆವೃತ್ತಿ ಸಾಕು: ಒಂದರ ಮೇಲೊಂದು ಲೆಕ್ಕ ಹಾಕುವ 12 ಪದರ, ಪ್ರತಿ ಟೋಕನ್‌ಗೆ (ಪದ ಅಥವಾ ಪದದ ಚೂರಿಗೆ) 768 ಸಂಖ್ಯೆ. ಪ್ರತಿ ಪದವನ್ನೂ ಅದರ ಹಿಂದಿನ ಪದಗಳೊಂದಿಗೆ ಕೊಟ್ಟು, ನಡುವಿನ ಪದರದ ಸಂಖ್ಯೆಗಳನ್ನು ತೆಗೆದಿಡುತ್ತೇನೆ. ಕೊನೆಯ ಪದರ ಮುಂದಿನ ಪದ ಊಹಿಸುವುದಕ್ಕೇ ಒಗ್ಗಿಹೋಗಿರುತ್ತದೆ, ಮಿದುಳಿಗೆ ಅಷ್ಟು ಹೊಂದುವುದಿಲ್ಲ. ಈ ಕೆಲಸಕ್ಕೆ ಬರ್ಟ್ ಎಂಬ ಇನ್ನೊಂದು ಭಾಷಾ ಮಾದರಿ ಬೇಡ. ಅದು ವಾಕ್ಯದ ಮುಂದಿನ ಪದಗಳನ್ನೂ ನೋಡಿರುತ್ತದೆ. ಕೇಳುಗರ ಕಿವಿಗೆ ಅವಿನ್ನೂ ಬಿದ್ದಿರುವುದಿಲ್ಲ.

ಹೆಚ್ಚಿನವರು ಎಡವುವುದು ಸಮಯದ ಹೊಂದಾಣಿಕೆಯಲ್ಲಿ. 2 ಸೆಕೆಂಡಿನಲ್ಲಿ ಐದಾರು ಪದ ಬಂದುಹೋಗುತ್ತವೆ. ಅವನ್ನು ಲ್ಯಾಂಕ್ಜೋಸ್ ಫಿಲ್ಟರ್ ಎಂಬ ಗಣಿತದ ಜರಡಿಯಿಂದ ಚಿತ್ರಗಳ ವೇಗಕ್ಕೆ ಇಳಿಸಬೇಕು. ಪದ ಕೇಳಿದ ಮೇಲೆ ರಕ್ತದ ಸಂಕೇತ ತುದಿ ಮುಟ್ಟಲು 4–6 ಸೆಕೆಂಡು ಬೇಕು, ಅದೂ ಮಿದುಳಿನ ಎಲ್ಲ ಕಡೆ ಒಂದೇ ಸಮ ಅಲ್ಲ. ಹಾಗಾಗಿ 2, 4, 6, 8 ಸೆಕೆಂಡು ತಡವಾದ ನಾಲ್ಕು ಪ್ರತಿಗಳನ್ನು ಪಕ್ಕಪಕ್ಕ ಜೋಡಿಸುತ್ತೇನೆ: 3072 ಕಾಲಮ್. ಹತ್ತು ನಿಮಿಷದ ಕಥೆಯಲ್ಲಿ ಇರುವುದೇ 300 ಚಿತ್ರ. ಆದ್ದರಿಂದ ಈ ಕಾಲಮ್‌ಗಳಿಂದ ಸಂಕೇತ ಊಹಿಸಲು ಸಾದಾ ರಿಗ್ರೆಷನ್ ನಡೆಯದು, ತೂಕಗಳು ಅತಿಯಾಗಿ ಬೆಳೆಯದಂತೆ ತಡೆಯುವ ರಿಡ್ಜ್ ರಿಗ್ರೆಷನ್ ಬೇಕು. ಆ ತಡೆಯ ಬಲವಾದ ಆಲ್ಫಾವನ್ನು ಪ್ರತಿ ವೋಕ್ಸೆಲ್‌ಗೂ (ಮಿದುಳಿನ ಚಿತ್ರದ ಪುಟ್ಟ ಘನಕ್ಕೂ) ಬೇರೆಯಾಗಿ ಆರಿಸಬೇಕು. ‘ಹಿಮಾಲಯ’ ಎಂಬ ಪೈಥಾನ್ ಲೈಬ್ರರಿ ಇದಕ್ಕೆಂದೇ ಇದೆ.

ಚಿತ್ರಗಳನ್ನು ಕಲಸಿ ತರಬೇತಿಗಿಷ್ಟು, ಪರೀಕ್ಷೆಗಿಷ್ಟು ಎಂದು ಹಂಚಿದರೆ ಎಲ್ಲವೂ ಕೆಟ್ಟಿತು. ಅಕ್ಕಪಕ್ಕದ ಚಿತ್ರಗಳು ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಉತ್ತರ ಸೋರಿ, ಕೋರಿಲೇಷನ್ (ಊಹೆಗೂ ನಿಜ ಸಂಕೇತಕ್ಕೂ ಇರುವ ಹೊಂದಿಕೆ) ಸುಳ್ಳೇ ಏರುತ್ತದೆ. ಒಂದಿಡೀ ಕಥೆಯನ್ನೇ ಪರೀಕ್ಷೆಗೆ ಎತ್ತಿಡಿ. ಅನುಮಾನವಿದ್ದರೆ ಜಿಪಿಟಿ-2ರ ಜಾಗದಲ್ಲಿ ಅಷ್ಟೇ ನಯವಾದ ಯಾದೃಚ್ಛಿಕ ಸಂಖ್ಯೆ ತುಂಬಿ ಓಡಿಸಿ. ಅದೂ ಮಿದುಳನ್ನು ‘ಊಹಿಸಿದರೆ’ ತಪ್ಪು ಹಂಚಿಕೆಯಲ್ಲೇ ಇದೆ.

ನಿಜವಾದ ಅಂಕಿಯನ್ನೂ ಸುಮ್ಮನೆ ನಂಬಬಾರದು. ಸೆಕೆಂಡಿಗೆ ಎಷ್ಟು ಪದ, ಎಷ್ಟು ಧ್ವನಿ ಎಂಬುದಷ್ಟರಿಂದಲೇ ಸದ್ದು ಗ್ರಹಿಸುವ ಮಿದುಳಿನ ಭಾಗವಾದ ಶ್ರವಣ ಕಾರ್ಟೆಕ್ಸನ್ನು ಸಾಕಷ್ಟು ಊಹಿಸಬಹುದು. ಆ ಕಾಲಮ್‌ಗಳನ್ನು ಮಾತ್ರ ಇಟ್ಟು ಒಮ್ಮೆ, ಜಿಪಿಟಿ-2 ಸೇರಿಸಿ ಇನ್ನೊಮ್ಮೆ ಓಡಿಸಿ. ಹೆಚ್ಚಾದ ಭಾಗವಷ್ಟೇ ಸಂದರ್ಭದ, ಅರ್ಥದ ಲೆಕ್ಕಕ್ಕೆ ಬರುವ ಅರ್ಹತೆ ಪಡೆಯುತ್ತದೆ.

ಕನ್ನಡ ಕಥೆಗೆ ಇದೇ ಜಿಪಿಟಿ-2 ಒಗ್ಗದು. ಕಂಪ್ಯೂಟರ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ನಮ್ಮ ಲಿಪಿಯ ಪ್ರತಿ ಚಿಹ್ನೆಗೆ 3 ಬೈಟ್. ‘ಹೋಗಬೇಕಾಗಿತ್ತು’ ಒಂದಕ್ಕೇ 39. ಜಿಪಿಟಿ-2 ಪದವನ್ನು ಚೂರುಚೂರು ಮಾಡುವುದರಿಂದ ಅದು ಒಮ್ಮೆಗೆ ನೋಡಬಲ್ಲ 1024 ಟೋಕನ್‌ಗಳ ಮಿತಿ ಬೇಗ ತುಂಬುತ್ತದೆ. ಕನ್ನಡ ಕಲಿತ, ಹಿಂದಿನ ಪದಗಳನ್ನಷ್ಟೇ ನೋಡುವ ಬ್ಲೂಮ್‌ನಂಥ ಮಾದರಿ ಹಿಡಿಯಿರಿ. ಪದದ ಕೊನೆಯ ಟೋಕನ್‌ನ ಸಂಖ್ಯೆಗಳನ್ನೇ ಇಡೀ ಪದಕ್ಕೆ ತೆಗೆದುಕೊಳ್ಳಿ, ಏಕೆಂದರೆ ಪ್ರತ್ಯಯಗಳೆಲ್ಲ ಅಲ್ಲಿಗೆ ಬಂದು ಸೇರಿರುತ್ತವೆ.