‘ಜ್ ನ ಸೆ ಪಾ’ ಬಿಟ್ಟು ‘ಶೆ ಪಾ’ ಹಿಡಿದ ಬಗೆ

ಹಾಡು ಕೇಳಿಸಿ ಫ್ರೆಂಚ್ ಭಾಷೆಯ ಡೆಲ್ಫ್ ಬಿ1 ಪರೀಕ್ಷೆ ಪಾಸು ಮಾಡಿಸ್ತಾರಂತೆ ಎಂದು ನಕ್ಕವರೇ ಹೆಚ್ಚು. ಆಲಿಸುವ ಭಾಗದ ಅಣಕು ಪರೀಕ್ಷೆಯಲ್ಲಿ 25ಕ್ಕೆ 10-11ರಲ್ಲಿ ಒದ್ದಾಡುತ್ತಿದ್ದ ನನ್ನ ಹುಡುಗರು ಈಗ 17-18 ತರುತ್ತಿದ್ದಾರೆ. ನಕ್ಕವರಲ್ಲಿ ಇಬ್ಬರು ನಾನು ಹಾಡುಗಳಿಂದ ಕತ್ತರಿಸಿದ ಕ್ಲಿಪ್ಪುಗಳನ್ನೇ ಕೇಳಿ ತರಿಸಿಕೊಂಡಿದ್ದಾರೆ.

ಮೊದಲ ಆರು ತಿಂಗಳು ಹಾಳಾಗಿದ್ದು ಹಾಡಿನ ಆಯ್ಕೆಯಲ್ಲಿ. ಎಡಿತ್ ಪಿಯಾಫ್ 1960ರಲ್ಲಿ ಹಾಡಿದ ‘ನೋಁ, ಜ್ ನ ರಗ್ರೆತ್ ರಿಯ್ಯಾಁ’, ಜಾಕ್ ಬ್ರೆಲ್‌ನ 1959ರ ‘ನ ಮ ಕಿತ್ ಪಾ’: ಎರಡರಲ್ಲೂ ನಿಷೇಧದ ‘ನ’ ಗಟ್ಟಿಯಾಗಿ ಕೂತಿದೆ. ಬೀದಿಯಲ್ಲಿ ಆ ‘ನ’ ಬಿದ್ದೇ ಹೋಗುತ್ತದೆ. ‘ಜ್ ನ ಸೆ ಪಾ’ (ನಂಗೊತ್ತಿಲ್ಲ) ಸವೆದು ‘ಶೆ ಪಾ’ ಆಗುತ್ತದೆ, ನಮ್ಮಲ್ಲಿ ‘ಏನು ಮಾಡುತ್ತಿದ್ದೀಯೆ’ ಸವೆದು ‘ಏನ್ಮಾಡ್ತಿದ್ಯ’ ಆದಂತೆ. ಇನ್ನೊಂದು ಪೆಟ್ಟು ಪದದ ಕೊನೆಯ ಮೂಕ ‘ಎ’ಯಿಂದ. ಮಾತಿನಲ್ಲಿ ‘ಜಾಕ್’ ಒಂದೇ ಉಸಿರು. ಮಕ್ಕಳ ‘ಫ್ರೆರ ಜಾಕ’ ಹಾಡಿನಲ್ಲಿ ರಾಗಕ್ಕಾಗಿ ಎರಡು ತುಂಡು. ಹಾಡನ್ನು ಹಾಗೇ ಬಾಯಿಪಾಠ ಮಾಡಿದವರು ಮಾತಾಡುವಾಗಲೂ ಎಳೆಯತೊಡಗಿದರು.

ಆಡುಮಾತಿಗೆ ಈಚಿನವರೇ ಆಗಬೇಕು. ಗಾಯಕ ಸ್ತ್ರೊಮಾಯ್‌ನ 2013ರ ‘ಪಾಪಾಊತೆ’ ಹಾಡಿನ ಹೆಸರನ್ನೇ ಬಿಡಿಸಿದರೆ ಸಾಕು: ಪಾಪಾ, ಊ ತೆ? ಅಪ್ಪಾ, ಎಲ್ಲಿದ್ದೀಯ? ಪುಸ್ತಕದ ‘ಊ ಎ ತ್ಯು’ ಅಲ್ಲಿ ಇಲ್ಲವೇ ಇಲ್ಲ.

ಹಾಡು ಕತ್ತರಿಸುವ ಕೆಲಸ ಆಡಾಸಿಟಿ ಅನ್ನುವ ಧ್ವನಿ ತಿದ್ದುವ ತಂತ್ರಾಂಶದಲ್ಲಿ. ಒಂದು ಕ್ಲಿಪ್ಪಿಗೆ ಒಂದೇ ನುಡಿಗಟ್ಟು, 3ರಿಂದ 5 ಸೆಕೆಂಡ್. ‘ಚೇಂಜ್ ಟೆಂಪೊ’ದಲ್ಲಿ ಮೈನಸ್ 25 ಶೇಕಡಾ ಕೊಟ್ಟರೆ ವೇಗ ಮಾತ್ರ ಇಳಿಯುತ್ತದೆ; ತಪ್ಪಿ ‘ಚೇಂಜ್ ಸ್ಪೀಡ್’ ಒತ್ತಿದರೆ ಗಾಯಕಿಯ ದನಿ ಗಂಡಸಿನದಾಗುತ್ತದೆ, ಸ್ವರಗಳೂ ಕಲಸಿಹೋಗುತ್ತವೆ. 150 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈ-ಪಾಸ್ ಫಿಲ್ಟರ್ ಹಾಕಿ ತೆಗೆದರೆ ಡ್ರಮ್ಮಿನ ಗುದ್ದು ಕಡಿಮೆಯಾಗಿ ಮಾತು ಮೇಲೆ ಬರುತ್ತದೆ. ಮುಂದುಗಡೆ ಅರ್ಧ ಸೆಕೆಂಡ್ ಮೌನ ಬಿಡಲೇಬೇಕು. ಬ್ಲೂಟೂತ್ ಇಯರ್‌ಫೋನ್ ಎಚ್ಚರವಾಗುವಷ್ಟರಲ್ಲಿ ಮೊದಲ ಅಕ್ಷರ ನುಂಗಿರುತ್ತದೆ, ನಮಗೆ ಬೇಕಾದ ‘ಶ್’, ‘ತ್’ ಇರುವುದು ಅಲ್ಲೇ. ಇದು ತಿಳಿಯದೆ ಸುಮಾರು 60 ಕ್ಲಿಪ್ ಎರಡನೇ ಸಲ ಕತ್ತರಿಸಬೇಕಾಯಿತು.

ಪ್ರತಿ ಕ್ಲಿಪ್ಪಿನ ಬೆನ್ನಿಗೆ ಅದೇ ನುಡಿಗಟ್ಟು ಮಾತಿನ ವೇಗದಲ್ಲಿ. ಫ್ರೆಂಚ್ ಮನೆಮಾತಿನವರೊಬ್ಬರಿಗೆ ಗಂಟೆಗೆ 1,200ರಂತೆ ಕೊಟ್ಟು, ಎರಡೂವರೆ ಗಂಟೆಯಲ್ಲಿ 180ರಷ್ಟು ರೆಕಾರ್ಡ್ ಮಾಡಿಸಿದೆ. ಇಡೀ ವಿಧಾನದ ಜೀವ ಇದೇ. ಮೂಕ ‘ಎ’ಯ ರೋಗಕ್ಕೂ ಇದೇ ಮದ್ದು. ಇದಕ್ಕೂ ಮುಂಚೆ ಹಾಡಿನ ಸಾಲಲ್ಲಿ ಖಾಲಿ ಜಾಗ ತುಂಬಿಸುವ ಆಪ್ ಒಂದಕ್ಕೆ 4,000 ಸುರಿದಿದ್ದು ದಂಡ. ಹುಡುಗರು ಕಿವಿಯಿಂದಲ್ಲ, ಕಣ್ಣಿನ ಅಂದಾಜಿನಲ್ಲೇ ತುಂಬಿಬಿಡುತ್ತಿದ್ದರು.

ಎರಡೂ ಸೇರಿಸಿ ಆಂಕಿಗೆ, ಅಂದರೆ ಕಾರ್ಡುಗಳನ್ನು ಮತ್ತೆ ಮತ್ತೆ ತೋರಿಸಿ ನೆನಪಿಡಿಸುವ ಆಪ್‌ಗೆ. ಕಾರ್ಡಿನ ಮುಂದೆ ಬರೀ ದನಿ, ಹಿಂದೆ ಕನ್ನಡದ ಆಡುಮಾತು. ದಿನಕ್ಕೆ 20 ಹೊಸ ಕಾರ್ಡ್ ಆಪ್ ಮೊದಲೇ ಇಟ್ಟಿರುವ ಲೆಕ್ಕ, ಅದನ್ನು 6ಕ್ಕೆ ಇಳಿಸಿ. ಕಾರ್ಡುಗಳನ್ನು ಯಾವ ಕ್ರಮದಲ್ಲಿ ಕಲಸುತ್ತೇನೆ ಅನ್ನುವುದನ್ನು ಇಲ್ಲಿ ಬಿಡುವುದಿಲ್ಲ, ಹೊಟ್ಟೆಪಾಡು.

ಕನ್ನಡ ಲಿಪಿಯಲ್ಲಿ ಬರೆಯಬೇಡಿ ಅನ್ನುವವರ ಮಾತು ಅರ್ಧ ಸರಿ. ಸೊನ್ನೆ ಹಾಕಿದರೆ ‘ಬೋಂ’, ಕೊನೆಗೆ ತುಟಿ ಮುಚ್ಚುತ್ತದೆ, ಕೆಟ್ಟಿತು. ಚಂದ್ರಬಿಂದು ಹಾಕಿ: ಬೋಁ ಒಳ್ಳೆಯದು, ಬಾಁ ಬೆಂಚು, ಬ್ಯಾಁ ಸ್ನಾನ. ಮುಗಿಸುವಾಗ ನಾಲಗೆ ಹಲ್ಲಿಗೆ ತಾಗಿದರೆ ತಪ್ಪು. ‘ತ್ಯು’ ಬರೆಯುವುದು ಬರೀ ಗುರುತಿಗೆ. ‘ಇ’ ಅನ್ನುತ್ತಾ ತುಟಿಯನ್ನು ‘ಊ’ಗೆ ಮುಂದೆ ಮಾಡಬೇಕು. ಇಲ್ಲವಾದರೆ ದಸ್ಯು ಹೋಗಿ ದಸೂ ಆಗುತ್ತದೆ, ‘ಮೇಲೆ’ ಅಂದದ್ದು ‘ಕೆಳಗೆ’ ಅಂತ ಕೇಳುತ್ತದೆ.

ಎಲ್ಲಿ ಯಾವ ಮಾತು ಆಡಬಹುದು ಅನ್ನುವುದನ್ನು ಹಾಡು ಹೇಳಿಕೊಡುವುದಿಲ್ಲ. ಪಿಯಾಫ್‌ಳ ಅದೇ ಹಾಡಿನಲ್ಲಿ ‘ಜ್ ಮ ಫೂ’ ಬರುತ್ತದೆ, ‘ನಂಗೇನಾಗ್ಬೇಕು’ ಅನ್ನುವುದರ ಒರಟು ರೂಪ. ಪರೀಕ್ಷಕರ ಎದುರು ‘ಸಾ ಮೆತೆಗಾಲ್’ ಅನ್ನಿ. ಗಾಯಕ ಗೇನ್ಸ್‌ಬುರ್ 1969ರ ಹಾಡಿನಲ್ಲಿ ‘ನಿನ್ನ ಪ್ರೀತಿಸ್ತೀನಿ’ ಅನ್ನುವುದಕ್ಕೆ ‘ಮ್ವಾ ನೋಁ ಪ್ಲ್ಯು’ ಎಂದು ಉತ್ತರ ಕೊಟ್ಟದ್ದು ಬೇಕೆಂದೇ. ಅದು ‘ಇಲ್ಲ’ಕ್ಕೆ ‘ನಾನೂ ಇಲ್ಲ’ ಅನ್ನುವ ಮಾತು. ‘ನಾನೂ’ ಅನ್ನಬೇಕಿದ್ದರೆ ‘ಮ್ವಾ ಓಸಿ’.

ನಡುವೆ ಒಂದು ತಿಂಗಳು ಅಕ್ಷರ ತಿರುವಿ ಆಡುವ ‘ವೆರ್ಲಾಁ’ ಹಿಂದೆ ಬಿದ್ದಿದ್ದೆ. ‘ಲೆಸ್ ತೋಁಬೆ’ ಅಂದರೆ ಬೀಳಲಿ ಬಿಡು, ನಮ್ಮ ‘ಬಿಟ್ಹಾಕು’. ಗಾಯಕ ರನೋ 1977ರಲ್ಲಿ ಅದನ್ನು ತಿರುವಿ ‘ಲೆಸ್ ಬೆತೋಁ’ ಮಾಡಿದ; ‘ಬೆತೋಁ’ ಅಂದರೆ ಕಾಂಕ್ರೀಟ್ ಕೂಡ. ಮಾಯೆಸ್ತ್ರೊ ತಿರುಗಿ ಸ್ತ್ರೊಮಾಯ್ ಆದದ್ದೂ ಹೀಗೇ. ಹುಡುಗರಿಗೆ ಭಾರಿ ಖುಷಿ, ಕಾಫಿಯನ್ನು ‘ಫಿಕಾ’ ಅನ್ನತೊಡಗಿದರು. ಅಂಕ ಮಾತ್ರ ಅರ್ಧವೂ ಏರಲಿಲ್ಲ. ಈಗ ಮೂರೇ ಇಟ್ಟುಕೊಂಡಿದ್ದೇನೆ: ಮಫ್ (ಹೆಂಗಸು), ಊಫ್ (ಹುಚ್ಚು), ಶಲೂ (ಅನುಮಾನ ಬರುವಂಥದ್ದು). ಕೇಳಿದರೆ ಗೊತ್ತಾಗಲಿ ಅಂತ, ಆಡಲಿಕ್ಕಲ್ಲ.

ರ‍್ಯಾಪ್ ಇನ್ನೂ ಬಗ್ಗಿಲ್ಲ. ಮೈನಸ್ 40ಕ್ಕೆ ಇಳಿಸಿದರೂ ಪದ ಬಿಡಿಯಾಗುವುದಿಲ್ಲ, ಅದಕ್ಕಿಂತ ಇಳಿಸಿದರೆ ದನಿ ತಗಡು ಬಡಿದಂತೆ.